ಕರ್ತೃವಿಲ್ಲದ ವಾಕ್ಯ: ಕೊಡಗಿನ ಕಾಫಿ ಪೊಟ್ಟಣದ ಬರಹವನ್ನು ಕುರಿತು

ಗ್ರಂಥವಿಮರ್ಶೆಯನ್ನು ನಿರೀಕ್ಷಿಸಿ ಈ ಪುಟವನ್ನು ತೆರೆಯುವ ವಾಚಕರು ಈ ಸಲ ಸ್ವಲ್ಪ ಸೈರಣೆ ವಹಿಸಬೇಕು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ಬರಹಕ್ಕೆ ರಟ್ಟಿಲ್ಲ, ಮುನ್ನುಡಿಯಿಲ್ಲ, ಬರೆದವರ ಹೆಸರೂ ಇಲ್ಲ. ಆದರೂ ಕೊಡಗನ್ನು ಕುರಿತ ಯಾವ ಕಾದಂಬರಿಗಿಂತಲೂ ಹೆಚ್ಚು ಜನ ಇಂದು ಇದನ್ನೇ ಓದುತ್ತಿರಬಹುದು. ಅಂತರ್ಜಾಲದ ದೊಡ್ಡ ಅಂಗಡಿಗಳಲ್ಲಿ ಮಾರಾಟಕ್ಕಿರುವ ಕೊಡಗಿನ ಕಾಫಿ ಪೊಟ್ಟಣದ ಮೇಲಿನ ಬರಹವೇ ಅದು. ಅಮೆಜಾನ್, ಫ್ಲಿಪ್‌ಕಾರ್ಟ್ ಮುಂತಾದ ಮಳಿಗೆಗಳಲ್ಲಿ ‘ಕೂರ್ಗ್’ ಎಂಬ ಪದವನ್ನು ಹುಡುಕಿದರೆ ಇಂತಹ ಪೊಟ್ಟಣಗಳು ಸಾಲುಸಾಲಾಗಿ ಕಣ್ಣ ಮುಂದೆ ಬರುತ್ತವೆ. ಮಠದ ಪ್ರಸಾದನಿಲಯದಲ್ಲಿದ್ದು ಓದಿ ಈಗ ದೂರದ ನಗರಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ತವರಿನ ಕಾಫಿಯನ್ನು ಹೀಗೆಯೇ ತರಿಸಿಕೊಳ್ಳುತ್ತಾರೆ. ಸೋಮವಾರಪೇಟೆ, ಶನಿವಾರಸಂತೆಗಳ ಕಡೆ ಕಾಫಿ ಬೆಳೆಯುವ ಭಕ್ತರೂ ನಮ್ಮ ವಾಚಕರಲ್ಲಿದ್ದಾರೆ. ಆದುದರಿಂದ ಕೊಳ್ಳುವವರಿಗೂ ಬೆಳೆಯುವವರಿಗೂ ಈ ಬರಹ ಅನ್ಯರದೆನಿಸಲಾರದು.

ಮೊದಲು ಬರಹದ ಗುಣವನ್ನು ಹೇಳಿಬಿಡೋಣ. ಇದು ಕೆಟ್ಟ ಬರಹವಲ್ಲ. ಸಮುದ್ರಮಟ್ಟದಿಂದ ತೋಟ ಎಷ್ಟು ಎತ್ತರದಲ್ಲಿದೆ, ಗಿಡಗಳಿಗೆ ಯಾವ ಮರಗಳ ನೆರಳಿದೆ, ಆ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹೇಗೆ ಹಬ್ಬಿದೆ, ಯಾವ ಹಕ್ಕಿಗಳು ಅಲ್ಲಿಗೆ ಬರುತ್ತವೆ, ಮಾಲೀಕರ ಮನೆತನ ಎಷ್ಟು ತಲೆಮಾರುಗಳಿಂದ ಈ ಕೃಷಿಯಲ್ಲಿದೆ, ಕಾಫಿಯ ಪರಿಮಳದಲ್ಲಿ ಕಿತ್ತಳೆ ಎಷ್ಟು, ಬೆಲ್ಲವೆಷ್ಟು, ಚಾಕೊಲೇಟಿನ ಒಗರೆಷ್ಟು ಎಂಬುದನ್ನೆಲ್ಲ ಅಂಗೈಯಗಲದ ಸ್ಥಳದಲ್ಲಿ ಅಡಕಗೊಳಿಸುವುದು ಸುಲಭವಾದ ಕೆಲಸವಲ್ಲ. ನಮ್ಮ ಅನೇಕ ಪ್ರವಾಸಕಥನಗಳಿಗೆ ಈ ಮಿತವ್ಯಯ ಸಾಧಿಸಿಲ್ಲ. 2019ರಲ್ಲಿ ‘ಕೂರ್ಗ್ ಅರೇಬಿಕಾ’ಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತ ಮೇಲಂತೂ ಸ್ಥಳದ ಹೆಸರಿಗೆ ಕಾನೂನಿನ ರಕ್ಷಣೆಯೂ ಒದಗಿದೆ. ಸ್ಥಳವರ್ಣನೆಯಲ್ಲಿ ಈ ಬರಹ ಗೆದ್ದಿದೆಯೆಂದು ಧಾರಾಳವಾಗಿ ಒಪ್ಪಬಹುದು.

ಅದು ಸೋಲುವುದು ವ್ಯಾಕರಣದಲ್ಲಿ. ಬಹುತೇಕ ಪೊಟ್ಟಣಗಳ ಮೇಲೆ ಒಂದು ಮಾತು ತಪ್ಪದೆ ಇರುತ್ತದೆ: ಕೈಯಿಂದ ಆಯ್ದದ್ದು. ಈ ಎರಡು ಪದಗಳ ಮುಂದೆ ಸ್ವಲ್ಪ ನಿಲ್ಲಬೇಕೆಂದು ವಾಚಕರಲ್ಲಿ ಪ್ರಾರ್ಥನೆ. ಕರಣವಿದೆ, ಕ್ರಿಯೆಯಿದೆ, ಆಯ್ದ ವಸ್ತು ಪೊಟ್ಟಣದ ಒಳಗೇ ಇದೆ. ಕರ್ತೃ ಮಾತ್ರ ಇಲ್ಲ. ಆ ಕೈ ಯಾರದು? ಮಾಲೀಕರ ಅಜ್ಜ ಗಿಡ ನೆಟ್ಟರು, ತಂದೆ ತೋಟವನ್ನು ವಿಸ್ತರಿಸಿದರು, ಮಗ ಹೊಸ ವಿಧಾನದಲ್ಲಿ ಹುರಿದರು ಎಂಬ ವಾಕ್ಯಗಳಲ್ಲಿ ಕರ್ತೃಪದ ನಿಚ್ಚಳವಾಗಿ ನಿಂತಿರುತ್ತದೆ. ಆಯುವ ಮಾತು ಬಂದ ಕೂಡಲೆ ವಾಕ್ಯ ಕರ್ಮಣಿ ಪ್ರಯೋಗದ ಮರೆಗೆ ಸರಿಯುತ್ತದೆ. ಒಂದು ಪೊಟ್ಟಣದಲ್ಲಿ ಹೀಗಾದರೆ ಸ್ಥಳಾಭಾವವೆನ್ನಬಹುದು. ಎಲ್ಲ ಪೊಟ್ಟಣಗಳಲ್ಲಿಯೂ ಅದೇ ಪದ ಲೋಪವಾಗಿದ್ದರೆ ವಿಮರ್ಶಕನಾದವನು ಅದನ್ನು ಶೈಲಿಯೆಂದೇ ಪರಿಗಣಿಸಿ ಕಾರಣವನ್ನು ಹುಡುಕಬೇಕಾಗುತ್ತದೆ.

ಸ್ಥಳಾಭಾವದ ವಾದ ಇನ್ನೊಂದು ಕಾರಣಕ್ಕೂ ನಿಲ್ಲದು. ಪೊಟ್ಟಣದ ಹಿಂಬದಿಯಲ್ಲಿ ಕಾನೂನು ಬರೆಯಿಸುವ ಸಂಗತಿಗಳು ಕಡಿಮೆಯಿಲ್ಲ. ತೂಕ, ಗರಿಷ್ಠ ಬೆಲೆ, ತಯಾರಾದ ತಿಂಗಳು, ಪೊಟ್ಟಣ ಕಟ್ಟಿದವರ ವಿಳಾಸ, ದೂರು ಹೇಳಿಕೊಳ್ಳುವ ಕ್ರಮ ಎಲ್ಲವೂ ಅಲ್ಲಿರಬೇಕು. ಚಿಕೋರಿ ಬೆರೆತಿದ್ದರೆ ಅದರ ಪ್ರಮಾಣವನ್ನು ಬರೆಯದೆ ಮಾರುವಂತಿಲ್ಲ. ಆ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆಯಿರಕೂಡದು. ಒಂದು ಗೆಡ್ಡೆಯ ಪುಡಿ ಎಷ್ಟು ಸೇರಿದೆಯೆಂದು ತಿಳಿಯುವ ಹಕ್ಕು ಕೊಳ್ಳುವವನಿಗಿದೆ. ಆ ಕಾಫಿಯನ್ನು ಬಿಡಿಸಿದ ಹೆಂಗಸಿಗೆ ಕಿಲೋವೊಂದಕ್ಕೆ ಏನು ಸಂದಿತೆಂದು ತಿಳಿಯುವ ಹಕ್ಕು ಇಲ್ಲ, ಹೇಳಬೇಕಾದ ಹೊಣೆಯೂ ಯಾರಿಗೂ ಇಲ್ಲ.

ವಿಚಿತ್ರವೆಂದರೆ ಆ ಹೆಸರು ತೋಟದಲ್ಲಿ ಎಲ್ಲಿಯೂ ಬರೆದಿಲ್ಲವೆಂದಲ್ಲ. ತೋಟದ ಕೆಲಸ ಬಲ್ಲವರಿಗೆ ಚೆಕ್‌ರೋಲ್ ಎಂಬ ಪುಸ್ತಕ ಗೊತ್ತು. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ರೈಟರು ಅದರಲ್ಲಿ ದಿನವೂ ಗುರುತು ಮಾಡುತ್ತಾನೆ. ಕೊಯ್ಲಿನ ಕಾಲದಲ್ಲಿ ಸಂಜೆ ತೂಕದ ಹೊತ್ತಿಗೆ ಒಬ್ಬೊಬ್ಬರ ಚೀಲವೂ ತಕ್ಕಡಿಗೇರುತ್ತದೆ, ಹೆಸರಿನ ಮುಂದೆ ಕಿಲೋ ಬೀಳುತ್ತದೆ. ಅರೇಬಿಕಾವಾದರೆ ಹಣ್ಣಾದದ್ದನ್ನು ಮಾತ್ರ ನೋಡಿ, ಕಾಯಿಯನ್ನು ಬಿಟ್ಟು, ಒಂದೇ ಗಿಡಕ್ಕೆ ಎರಡು ಮೂರು ಸಲ ಬಂದು ಬಿಡಿಸಬೇಕು. ರೊಬಸ್ಟಾದಲ್ಲಿ ಗಿಡದ ಬುಡಕ್ಕೆ ಚೀಲ ಹಾಸಿ ರೆಂಬೆಯನ್ನು ಬಗ್ಗಿಸಿ ಬಿಡಿಸಿದ ಮೇಲೂ ನೆಲಕ್ಕೆ ಉದುರಿದ್ದನ್ನು ಕುಕ್ಕರಗಾಲಿನಲ್ಲಿ ಕೂತು ಹೆಕ್ಕಬೇಕು. ಇಷ್ಟೂ ಲೆಕ್ಕ ತೋಟದ ಪುಸ್ತಕದಲ್ಲಿ ಕರ್ತೃಸಮೇತವಾಗಿ ಇದೆ. ತೋಟದ ಗೇಟನ್ನು ದಾಟುವಾಗ ಕಾಫಿ ಹೊರಬರುತ್ತದೆ, ಹೆಸರು ಒಳಗೇ ಉಳಿಯುತ್ತದೆ.

ಈ ಲೋಪಕ್ಕೆ ಇತಿಹಾಸವೂ ಉಂಟು. ಐರೋಪ್ಯರು ಮಡಿಕೇರಿಯ ಬಳಿ ಮೊದಲ ದೊಡ್ಡ ಕಾಫಿ ತೋಟವನ್ನು ತೆರೆದದ್ದು 1854ರಲ್ಲಿ. ಆಳುಗಳು ಘಟ್ಟದ ಕೆಳಗಿನಿಂದಲೂ ಮೈಸೂರು ಸೀಮೆಯಿಂದಲೂ ಮೇಸ್ತ್ರಿಗಳು ಕೊಟ್ಟ ಮುಂಗಡ ಹಣದ ಬೆನ್ನು ಹತ್ತಿ ಬಂದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಸೆರೆಗೆ ಕಳಿಸಲು ಅವಕಾಶವಿದ್ದ ಕಾನೂನು 1859ರಲ್ಲಿ ಬಂದಿತು. ಅದು ರದ್ದಾಗಲು 1925ನೆಯ ಇಸವಿ ಬೇಕಾಯಿತು. ಸ್ವಾತಂತ್ರ್ಯಾನಂತರ 1951ರ ತೋಟ ಕಾರ್ಮಿಕರ ಕಾಯಿದೆ ಮನೆ, ಕುಡಿಯುವ ನೀರು, ಔಷಧೋಪಚಾರ, ಶಿಶುಪಾಲನೆಗಳನ್ನು ಮಾಲೀಕನ ಹೊಣೆಯೆಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಆ ಕಾಯಿದೆಯನ್ನು ತಮ್ಮೊಳಗೆ ಸೇರಿಸಿಕೊಂಡಿವೆ. 1976ರ ಕಾಯಿದೆ ಜೀತವನ್ನು ನಿಷೇಧಿಸಿತು. ಕಾಗದದ ಮೇಲೆ ಕೂಲಿಯವನು ಹೀಗೆ ಹಂತಹಂತವಾಗಿ ಮನುಷ್ಯನಾಗುತ್ತ ಬಂದಿದ್ದಾನೆ.

ನೆಲದ ಮೇಲಿನ ಕಥೆ ಬೇರೆ. ದಕ್ಷಿಣ ಕೊಡಗಿನ ಯರವರೂ ಜೇನುಕುರುಬರೂ ತಲೆಮಾರುಗಳ ಕಾಲ ಲೈನ್ ಮನೆಗಳಲ್ಲಿ ಬಾಳಿದರು. ಮನೆ ಮಾಲೀಕರದು, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಅಂತಹ ಕುಟುಂಬಗಳು ಸ್ವಂತ ನೆಲ ಬೇಕೆಂದು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡವು. 2016ರ ಡಿಸೆಂಬರಿನಲ್ಲಿ ಆ ಗುಡಿಸಲುಗಳನ್ನು ಕೆಡವಲಾಯಿತು. ದೊಡ್ಡ ಹೋರಾಟವಾದ ಮೇಲೆ ಅವರಲ್ಲಿ ಅನೇಕರಿಗೆ ನಮ್ಮ ಸೋಮವಾರಪೇಟೆಯ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಕಲ್ಪಿಸಲಾಯಿತು. ಆ ಡಿಸೆಂಬರ್ ಕಾಫಿ ಕೊಯ್ಲಿನ ತಿಂಗಳು. ಆ ವರ್ಷದ ಪೊಟ್ಟಣಗಳೂ ಕಾಫಿಯನ್ನು ಕೈಯಿಂದ ಆಯ್ದದ್ದೆಂದೇ ಹೇಳಿರಬೇಕು. ಇತ್ತೀಚಿನ ವರ್ಷಗಳಲ್ಲಿ ಆ ಲೈನ್ ಮನೆಗಳಿಗೆ ಅಸ್ಸಾಮಿನ ಕಡೆಯಿಂದ ಬಂದ ಕುಟುಂಬಗಳು ಸೇರಿಕೊಳ್ಳುತ್ತಿವೆ. ಊರು ಬೇರೆ, ಭಾಷೆ ಬೇರೆ. ಮನೆಯ ನಿಯಮ ಮಾತ್ರ ಹಳೆಯದೇ.

ಬೆಳೆಗಾರ ವಾಚಕರು ಇಲ್ಲಿ ಆಕ್ಷೇಪಿಸಬಹುದು. ಬೆಲೆ ಕುಸಿದಾಗ ಯಾವ ಪೇಟೆಯ ಗ್ರಾಹಕನೂ ನಮ್ಮ ಕಣ್ಣೀರು ಒರೆಸಲಿಲ್ಲ, 2018ರ ಆಗಸ್ಟಿನಲ್ಲಿ ಗುಡ್ಡವೇ ಕುಸಿದು ತೋಟಗಳು ಕೊಚ್ಚಿಹೋದಾಗ ನಾವೂ ಬೀದಿಗೆ ಬಿದ್ದೆವು ಎಂದು ಅವರು ಹೇಳಿದರೆ ಅದು ಸತ್ಯ. ಸಣ್ಣ ಹಿಡುವಳಿದಾರನ ಸ್ಥಿತಿ ಕೂಲಿಯವನ ಸ್ಥಿತಿಗಿಂತ ಬಹಳ ಮೇಲೇನೂ ಅಲ್ಲದ ವರ್ಷಗಳು ಇದ್ದವು. ಆದರೆ 2024ರಲ್ಲಿ ರೊಬಸ್ಟಾ ಚೆರಿಯ 50 ಕಿಲೋ ಚೀಲದ ದರ 10,000 ರೂಪಾಯಿಯನ್ನು ದಾಟಿತಲ್ಲ; ಅದು ಕೆಲವೇ ವರ್ಷಗಳ ಹಿಂದಿನ ದರದ ಎರಡು ಪಟ್ಟಿಗಿಂತಲೂ ಹೆಚ್ಚು. ಕೂಲಿಯೂ ಅದೇ ಪ್ರಮಾಣದಲ್ಲಿ ಏರಿತೆಂದು ಎದೆ ಮುಟ್ಟಿ ಹೇಳುವ ಮಾಲೀಕರಿದ್ದರೆ ಅವರ ಹೆಸರನ್ನು ಈ ಪತ್ರಿಕೆ ಸಂತೋಷದಿಂದ ಪ್ರಕಟಿಸುವುದು. ನಷ್ಟವನ್ನು ಹಂಚಿಕೊಳ್ಳುವಾಗ ಒಂದೇ ಸಂಸಾರ, ಲಾಭದ ಹೊತ್ತಿಗೆ ಬೇರೆ ಬೇರೆ ಒಲೆ ಎಂಬುದು ನ್ಯಾಯವಲ್ಲ.

ಕೆಲವು ಪೊಟ್ಟಣಗಳ ಮೇಲೆ ಹಸಿರು ಕಪ್ಪೆಯ ಮುದ್ರೆಯಿರುತ್ತದೆ. ಅದು ರೈನ್‌ಫಾರೆಸ್ಟ್ ಅಲಯನ್ಸ್ ಎಂಬ ಸಂಸ್ಥೆಯದು. ಆ ಸಂಸ್ಥೆಯ ನಿಯಮಾವಳಿಯಲ್ಲಿ ಕೂಲಿಯ, ವಸತಿಯ ಮಾತೂ ಇದೆಯೆಂಬುದನ್ನು ಮರೆಯದೆ ಹೇಳಬೇಕು. ಆದರೂ ಮುದ್ರೆಗೆ ಆರಿಸಿಕೊಂಡ ಚಿತ್ರ ಕಪ್ಪೆಯದು. ನ್ಯಾಯವಾದ ವ್ಯಾಪಾರದ ಹೆಸರಿನಲ್ಲಿ ಪ್ರಸಿದ್ಧವಾದ ಫೇರ್‌ಟ್ರೇಡ್ ಮುದ್ರೆ ಕಾಫಿಯ ಮಟ್ಟಿಗೆ ಸಣ್ಣ ಬೆಳೆಗಾರರ ಸಂಘಗಳಿಗೆ ಸಲ್ಲುವಂಥದು. ಕೂಲಿಯಾಳುಗಳಿಂದ ನಡೆಯುವ ದೊಡ್ಡ ತೋಟಕ್ಕೆ ಅದು ಅನ್ವಯಿಸದು. ಮುದ್ರೆಯನ್ನು ನೋಡಿ ಮನಸ್ಸನ್ನು ಹಗುರ ಮಾಡಿಕೊಳ್ಳುವ ಗ್ರಾಹಕ ಇಷ್ಟನ್ನಾದರೂ ತಿಳಿದಿರಬೇಕು.

ಇಲ್ಲಿಯವರೆಗೆ ಆಯ್ದ ಕೈಯ ವಿಚಾರವಾಯಿತು. ಪೊಟ್ಟಣವನ್ನು ಬಾಗಿಲಿಗೆ ತರುವ ಕೈಯೂ ಇದೇ ವಾಕ್ಯದೊಳಗೆ ಅಡಗಿದೆ. ‘ನಾಳೆ ತಲುಪುತ್ತದೆ’ ಎಂದು ಮಳಿಗೆ ಹೇಳುತ್ತದೆ. ಪೊಟ್ಟಣ ತಾನೇ ನಡೆದು ಬರುವುದೋ ಎಂಬಂತೆ. 2024ರ ಬೇಸಿಗೆಯಲ್ಲಿ ಹರಿಯಾಣದ ಮಾನೇಸರದಲ್ಲಿರುವ ಅಮೆಜಾನ್ ಉಗ್ರಾಣದಲ್ಲಿ ನಿಗದಿಯಾದ ಲಾರಿಗಳ ಸರಕನ್ನು ಇಳಿಸುವ ತನಕ ನೀರು ಕುಡಿಯಲಿಕ್ಕೂ ಶೌಚಕ್ಕೂ ಹೋಗುವುದಿಲ್ಲವೆಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದ ಸಂಗತಿ ಪತ್ರಿಕೆಗಳಲ್ಲಿ ಬಂದಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಅದನ್ನು ವಿಚಾರಣೆಗೆ ತೆಗೆದುಕೊಂಡಿತು. ಪ್ರತಿಜ್ಞೆಯೆಂಬ ಪವಿತ್ರವಾದ ಪದಕ್ಕೆ ಇಂತಹ ಗತಿ ಬಂದುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದು.

ನಮ್ಮ ರಾಜ್ಯ ಈ ದಿಸೆಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಮೊಬೈಲಿನ ಆಜ್ಞೆಯ ಮೇಲೆ ಓಡಾಡುವ ವಿತರಕರಿಗಾಗಿ 2025ರಲ್ಲಿ ಕರ್ನಾಟಕ ಒಂದು ಶಾಸನವನ್ನು ತಂದಿತು. ಇಂತಹ ಶಾಸನವನ್ನು ಮೊದಲು ಮಾಡಿದ್ದು 2023ರಲ್ಲಿ ರಾಜಸ್ಥಾನ. ಅವರಿಗೆ ಕೊಡುವ ಪ್ರತಿ ಸಂದಾಯದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಮಳಿಗೆಗಳಿಂದ ವಸೂಲು ಮಾಡಬಹುದು. ಕೆಲಸದಿಂದ ತೆಗೆಯುವುದಿದ್ದರೆ ಕಾರಣವನ್ನು ಬರೆದು ತಿಳಿಸಿ 14 ದಿನಗಳ ಮುನ್ಸೂಚನೆ ಕೊಡಬೇಕು. ಎರಡನೆಯದು ಹಣಕ್ಕಿಂತ ದೊಡ್ಡದೆಂದು ನನ್ನ ಎಣಿಕೆ. ಯಾವ ತಪ್ಪಿಗೆಂದು ತಿಳಿಯದೆ ಬೆಳಗಾಗುವಷ್ಟರಲ್ಲಿ ಯಂತ್ರವೊಂದು ಹೆಸರನ್ನು ಅಳಿಸಿಬಿಡುವುದಕ್ಕಿಂತ ಚೆಕ್‌ರೋಲಿನ ರೈಟರೇ ಮೇಲು. ಅವನ ಎದುರು ನಿಂತು ಕೇಳಬಹುದಿತ್ತು.

ಇನ್ನು ಗ್ರಾಹಕನ ಧರ್ಮವೇನು? ಭಕ್ತವೃಂದದಲ್ಲಿ ಎರಡು ಮಾತು ಕೇಳಿಬರುತ್ತದೆ. ದೊಡ್ಡ ಮಳಿಗೆಗಳನ್ನು ಬಹಿಷ್ಕರಿಸಿ ಊರಿನ ಅಂಗಡಿಯಲ್ಲೇ ಕೊಳ್ಳಬೇಕೆಂಬುದು ಒಂದು. ಒಬ್ಬ ಕೊಂಡರೇನು, ಬಿಟ್ಟರೇನು ಎಂಬುದು ಇನ್ನೊಂದು. ಎರಡನೆಯದು ಆಲಸ್ಯ, ಅದರ ಚರ್ಚೆ ಬೇಡ. ಮೊದಲನೆಯದು ಸದುದ್ದೇಶದ ಮಾತು. ವಾರದ ಹೆಸರನ್ನೇ ಊರಿನ ಹೆಸರಾಗಿ ಹೊತ್ತ ಸೋಮವಾರಪೇಟೆ, ಶನಿವಾರಸಂತೆಗಳ ನಾಡಿನಲ್ಲಿ ಸಂತೆಯ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೋಟದ ಬಟವಾಡೆಯ ಹಣ ತಿರುಗಿ ಊರಿಗೇ ಸೇರುವುದು ಸಂತೆಯಲ್ಲಿ. ಆದರೆ ಸಂತೆಯಲ್ಲಿ ಕೊಂಡ ಪುಡಿಯನ್ನು ಆಯ್ದ ಕೈಗೂ ಕೂಲಿ ಸರಿಯಾಗಿ ಸಂದಿತೋ ಎಂದು ಕೇಳದವನು ಅಂಗಡಿಯನ್ನು ಬದಲಿಸಿದನಷ್ಟೆ. ಬಹಿಷ್ಕಾರವು ಕೊಳ್ಳುವವನ ಮಡಿಯಾಗಿಬಿಡುವ ಅಪಾಯ ಇಲ್ಲಿದೆ. ತನ್ನ ಕೈಗೆ ಕೊಳೆ ಅಂಟದಿದ್ದರೆ ಸಾಕೆಂಬ ಮಡಿಯನ್ನು ನಮ್ಮ ಶರಣರು ಎಷ್ಟು ಮನ್ನಿಸಿದರೆಂಬುದನ್ನು ವಾಚಕರು ಬಲ್ಲರು.

ದುಡಿಯುವವರ ಇಚ್ಛೆಯೇನೆಂದು ಕೇಳದೆ ಮಾಡುವ ಬಹಿಷ್ಕಾರ ಅವರಿಗೇ ತೊಡಕಾಗಬಹುದು. 2021ರ ಮಾರ್ಚಿನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬೆಸೆಮರ್ ಉಗ್ರಾಣದ ಕೆಲಸಗಾರರು ಸಂಘ ಕಟ್ಟಲು ಮತದಾನ ನಡೆಸುತ್ತಿದ್ದಾಗ, ಒಂದು ವಾರ ಅಮೆಜಾನಿನಲ್ಲಿ ಯಾರೂ ಏನನ್ನೂ ಕೊಳ್ಳಬೇಡಿರೆಂದು ಹೊರಗಿನ ಹಿತೈಷಿಗಳು ಕರೆ ಕೊಟ್ಟರು. ತಾವು ಹಾಗೆ ಕೇಳಿಲ್ಲವೆಂದು ಕೆಲಸಗಾರರ ಸಂಘವೇ ಹೇಳಬೇಕಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ದೇಶದಲ್ಲಿಯೇ ಸಿಕ್ಕಿತು. 2025ರ ಡಿಸೆಂಬರ್ 31ರಂದು ವಿತರಕರ ಸಂಘಗಳು ಮುಷ್ಕರಕ್ಕೆ ಕರೆ ಕೊಟ್ಟವು. ಹತ್ತು ನಿಮಿಷದೊಳಗೆ ತಲುಪಿಸಬೇಕೆಂಬ ಪದ್ಧತಿ ನಿಲ್ಲಲಿ ಎಂಬುದು ಅವರ ಬೇಡಿಕೆಗಳಲ್ಲೊಂದು. ಅಂದು ಕೊಳ್ಳದಿರುವುದು ನಿಜವಾಗಿ ಅವರ ಪಕ್ಕದಲ್ಲಿ ನಿಂತಂತಾಗುತ್ತಿತ್ತು. ಆಗಿದ್ದೇನು? ಆ ರಾತ್ರಿ ತಮ್ಮಲ್ಲಿ ದಾಖಲೆಯ ಪ್ರಮಾಣದ ವಿತರಣೆ ನಡೆಯಿತೆಂದು ಜೊಮ್ಯಾಟೊ, ಬ್ಲಿಂಕಿಟ್‌ಗಳ ಮುಖ್ಯಸ್ಥರು ಸಾರಿದರು. ಕೇಳದಾಗ ಬಹಿಷ್ಕರಿಸಿದೆವು, ಕೇಳಿದಾಗ ಹೊಸ ವರ್ಷದ ಊಟ ತರಿಸಿಕೊಂಡೆವು. ಆದರೂ ಮುಷ್ಕರ ಪೂರ್ತಿ ವ್ಯರ್ಥವಾಗಲಿಲ್ಲ. 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಮಧ್ಯೆ ಬಂದ ಮೇಲೆ ಬ್ಲಿಂಕಿಟ್ ತನ್ನ ಜಾಹೀರಾತಿನಿಂದ ಹತ್ತು ನಿಮಿಷದ ಮಾತನ್ನು ತೆಗೆದುಹಾಕಿತು. ಬರಹವೊಂದನ್ನು ತಿದ್ದಿಸಲು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಕಾಫಿಯ ಲೋಕದಲ್ಲಿಯೇ ಇದಕ್ಕಿಂತ ಪೂರ್ಣವಾದ ನಿದರ್ಶನವೊಂದಿದೆ, ಅದನ್ನು ತುಸು ವಿಸ್ತಾರವಾಗಿ ಹೇಳಬೇಕು. ಕೊಡಗಿನ ಕಾಫಿಯೆಲ್ಲ ಕಾಫಿ ಮಂಡಳಿಯ ಕಣಜಕ್ಕೆ ಹೋಗುತ್ತಿದ್ದ ಕಾಲ ಅದು. ಬೆಳೆಗಾರ ತನಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಆ ಕಟ್ಟು 1990ರ ದಶಕದಲ್ಲಷ್ಟೇ ಸಡಿಲವಾಯಿತು. ಜನರಿಗೆ ಕಾಫಿಯ ರುಚಿ ಹತ್ತಿಸಲೆಂದು ಮಂಡಳಿ ಊರೂರಿನಲ್ಲಿ ಕಾಫಿ ಹೌಸುಗಳನ್ನು ನಡೆಸುತ್ತಿತ್ತು. 1950ರ ದಶಕದ ನಡುವೆ ಅವನ್ನು ಮುಚ್ಚಲು ನಿರ್ಧರಿಸಿದಾಗ ಪರಿಚಾರಕರೂ ಅಡಿಗೆಯವರೂ ಬೀದಿಗೆ ಬಿದ್ದರು. ಅವರ ಸಂಘದ ಬೆಂಬಲಕ್ಕೆ ನಿಂತವರು ಕೇರಳದ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್. ಮುಚ್ಚುವ ಹೋಟೆಲುಗಳನ್ನು ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸಬೇಕೆಂಬುದು ಅವರ ಸಲಹೆ. ಅಂತಹ ಸಂಘಗಳಲ್ಲಿ ಮೊತ್ತಮೊದಲನೆಯದು 1957ರ ಆಗಸ್ಟ್ 19ರಂದು ನಮ್ಮ ಬೆಂಗಳೂರಿನಲ್ಲಿ ಹುಟ್ಟಿತು. ದಿಲ್ಲಿಯ ಇಂಡಿಯನ್ ಕಾಫಿ ಹೌಸು ಅದೇ ವರ್ಷ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ತಟ್ಟೆಯನ್ನು ತಂದಿಡುವವನೇ ಅಂಗಡಿಯ ಒಡೆಯರಲ್ಲೊಬ್ಬ ಎಂಬ ಈ ವ್ಯವಸ್ಥೆಗೆ ಗ್ರಾಹಕರಿಂದ ಬೇಕಾಗಿದ್ದದ್ದು ಕರುಣೆಯಲ್ಲ. ದಿನವೂ ಬಂದು ಒಂದು ಲೋಟ ಕಾಫಿ ಕುಡಿಯುವುದು. ಬೆಂಗಳೂರಿನ ಬರಹಗಾರರು, ಪತ್ರಕರ್ತರು, ವಿದ್ಯಾರ್ಥಿಗಳು ದಶಕಗಳ ಕಾಲ ಅದನ್ನು ಮಾಡಿದರು. 2009ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯ ಹಳೆಯ ಕಟ್ಟಡವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಗಿ ಬಂದಾಗ ಗ್ರಾಹಕರು ಹಿಂದೆಯೇ ಹೋದರು.

ಈ ಕಥೆಗೂ ಒಂದು ಕುಂದಿದೆ. ಕಾಫಿ ಹೌಸಿನ ಸಹಕಾರ ಲೋಟದವರೆಗೆ ಬಂತು, ಗಿಡದವರೆಗೆ ಹೋಗಲಿಲ್ಲ. ಲೋಟವನ್ನು ತರುವವನು ಒಡೆಯನಾದ; ಬೀಜ ಬಿಡಿಸುವವಳು ಕೂಲಿಯಾಗಿಯೇ ಉಳಿದಳು. ಆದರೂ ಕ್ರಮ ಯಾವುದೆಂಬುದನ್ನು ಅದು ತೋರಿಸಿತು: ದುಡಿಯುವವರು ಮೊದಲು ಕೂಡಿದರು, ಕೊಳ್ಳುವವರು ಆಮೇಲೆ ಬೆಂಬಲಕ್ಕೆ ಬಂದರು.

‘ಆಯ್ದ’ ಎಂಬ ಪದಕ್ಕೆ ಮರಳಬೇಕು. ನಮ್ಮ ಪರಂಪರೆಯಲ್ಲಿ ಆ ಕ್ರಿಯಾಪದವನ್ನೇ ಹೆಸರಿನ ಮುಂದೆ ಧರಿಸಿದ ದಂಪತಿಗಳಿದ್ದಾರೆ. ಆಯ್ದಕ್ಕಿ ಲಕ್ಕಮ್ಮ, ಮಾರಯ್ಯನವರ ಕಥೆಯನ್ನು ಪ್ರಸಾದನಿಲಯದ ಮಕ್ಕಳೂ ಬಲ್ಲರು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಪತಿ ಒಂದು ದಿನ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ತೆಗೆದುಕೊಂಡು ಹೋಗಿ ಅಲ್ಲಿಯೇ ಹಾಕಿ ಬನ್ನಿರೆಂದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ದುಡಿಯುವವನಿಗೆ ಹೇಳುತ್ತೇವೆ: ಆಸೆ ಪಡಬೇಡ, ಕಾಯಕವೇ ನಿನ್ನ ಭಾಗ್ಯವೆಂದು. ಕೂಲಿ ಕಡಿಮೆ ಕೊಡುವವರ ಬಾಯಲ್ಲಿ ಕಾಯಕದ ಸ್ತುತಿ ಕೇಳಿದಾಗಲೆಲ್ಲ ಈ ಲೇಖಕನಿಗೆ ಇರುಸುಮುರುಸಾಗುತ್ತದೆ. ಲಕ್ಕಮ್ಮ ಎಚ್ಚರಿಸಿದ್ದು ಅಗತ್ಯಕ್ಕಿಂತ ಹೆಚ್ಚು ಮನೆಗೆ ತಂದವನನ್ನು. ಇಂದು ಮನೆಗೆ ಹೆಚ್ಚು ತರುತ್ತಿರುವವರು ಆಯುವವರಲ್ಲ; ತೋಟದ ಮಾಲೀಕರು, ಮಳಿಗೆಯ ಒಡೆಯರು, ರಿಯಾಯಿತಿಯ ದಿನ ಬಂತೆಂದು ಬೇಡದ್ದನ್ನೂ ತರಿಸಿಕೊಳ್ಳುವ ನಾವು. ಕಥೆಯನ್ನು ಸರಿಯಾದ ವಿಳಾಸಕ್ಕೆ ಹೇಳುವುದು ಒಳ್ಳೆಯದು. ಅವರಿಬ್ಬರ ಹೆಸರುಗಳಲ್ಲಿ ಕ್ರಿಯೆಯೂ ಕರ್ತೃವೂ ಬೇರ್ಪಡದಂತೆ ಕೂಡಿರುವುದನ್ನು ನೋಡಿದರೆ, ಪೊಟ್ಟಣದ ವಾಕ್ಯ ಎಷ್ಟು ಬಡವಾದುದೆಂಬುದು ತಿಳಿಯುತ್ತದೆ.

ಅಂತರ್ಜಾಲದ ಮಳಿಗೆಗಳಲ್ಲಿ ಕೊಂಡವರು ಅಭಿಪ್ರಾಯ ಬರೆಯಲು ಅವಕಾಶವಿದೆ. ಪರಿಮಳ ಚೆನ್ನಾಗಿತ್ತು, ಪೊಟ್ಟಣ ಹರಿದಿತ್ತು ಎಂದು ಬರೆಯುವವರು ಅಲ್ಲಿಯೇ ಒಂದು ಪ್ರಶ್ನೆಯನ್ನೂ ಕೇಳಬಹುದು: ಈ ಕೊಯ್ಲಿನಲ್ಲಿ ಕಿಲೋಗೆ ಎಷ್ಟು ಕೂಲಿ ಕೊಟ್ಟಿರಿ, ಬಿಡಿಸಿದವರು ಎಲ್ಲಿ ವಾಸವಾಗಿದ್ದಾರೆ? ಹತ್ತು ಮಂದಿ ಕೇಳಿದರೆ ಮಾರುವವನು ನಗುವನು, ಸಾವಿರ ಮಂದಿ ಕೇಳಿದರೆ ಉತ್ತರವನ್ನು ಹುಡುಕುವನು. ತಮ್ಮ ಹೆಸರಿನಲ್ಲಿಯೇ ಪೊಟ್ಟಣ ಕಟ್ಟಿ ಮಾರುವ ಬೆಳೆಗಾರ ಭಕ್ತರಿಗೆ ಯಾರೂ ಕೇಳುವವರೆಗೆ ಕಾಯುವ ಕಾರಣವಿಲ್ಲ. ಚೆಕ್‌ರೋಲ್ ಅವರ ಮೇಜಿನ ಮೇಲೆಯೇ ಇದೆ. ಬಿಡಿಸಿದವರು ಇಷ್ಟು ಜನ, ಕೊಟ್ಟ ಕೂಲಿ ಇಷ್ಟು, ಅವರ ಮನೆಗಳ ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಎಂಬ ಮೂರು ಸಂಗತಿಗಳಿಗೆ ಪೊಟ್ಟಣದ ಹಿಂಬದಿಯಲ್ಲಿ, ಚಿಕೋರಿಯ ಪ್ರಮಾಣ ಬರೆಯುವ ಸಾಲಿನ ಕೆಳಗೆ, ಸ್ಥಳ ಸಾಕಷ್ಟಿದೆ.